ದೊಡ್ಡ ಫ್ಲಾಟ್‌ಹೆಡ್ ಕ್ಯಾಟ್‌ಫಿಷ್‌ಗೆ ಗಾಳ: ಜಾಗ ಹುಡುಕುವುದರಿಂದ ಅಡುಗೆಮನೆಯವರೆಗೆ

ಊರಲ್ಲಿ ತುಂಗೆಗೋ ಹೇಮಾವತಿಗೋ ಗಾಳ ಹಾಕಿ ಬೆಳೆದವರು ಅಮೆರಿಕದ ಮಿನ್ನೆಸೋಟ, ಮಿಸೌರಿ, ಕಾನ್ಸಸ್, ಟೆಕ್ಸಸ್ ಕಡೆ ಹೋಗಿ ನೆಲೆಸಿದರೆ, ಅಲ್ಲಿನ ಹೊಳೆ ಕಂಡಾಗ ಸುಮ್ನೆ ಇರಲು ಆಗುವುದಿಲ್ಲ. ಆ ಹೊಳೆಗಳಲ್ಲಿ ಗಾಳಕ್ಕೆ ಸಿಗುವ ಮೀನುಗಳಲ್ಲಿ ನನ್ನ ಮಟ್ಟಿಗೆ ಫ್ಲಾಟ್‌ಹೆಡ್ ಕ್ಯಾಟ್‌ಫಿಷ್‌ಗೆ ಸಾಟಿಯಿಲ್ಲ. ಗಾಳದಲ್ಲಿ ಹಿಡಿದ ವಿಶ್ವದಾಖಲೆ 123 ಪೌಂಡ್, ಅಂದರೆ ಸುಮಾರು 56 ಕೆಜಿ. 1998ರ ಮೇ ತಿಂಗಳಲ್ಲಿ ಕಾನ್ಸಸ್‌ನ ಎಲ್ಕ್ ಸಿಟಿ ಜಲಾಶಯದಲ್ಲಿ ಕೆನ್ ಪೌಲಿ ಎಂಬವರಿಗೆ ಅದು ಸಿಕ್ಕಿತು. ಹೊಳೆಯಲ್ಲಿ 15 ಕೆಜಿ ದಾಟಿದ ಮೀನು ಸಿಕ್ಕರೂ ಅದು ದೊಡ್ಡ ಮೀನೇ.

ಈ ಮೀನು ಸಿಗುವುದು ದುಬಾರಿ ರಾಡಿನಿಂದಲ್ಲ, ಜಾಗದಿಂದ. ಹಗಲಿನಲ್ಲಿ ಅದು ಮಲಗುವ ಜಾಗ ಹುಡುಕಬೇಕು. ಕತ್ತಲಾದ ಮೇಲೆ ಅದರ ದಾರಿಯಲ್ಲಿ ಜೀವಂತ ಮೀನನ್ನು ಇಟ್ಟು ಕಾಯಬೇಕು. ಉಳಿದದ್ದೆಲ್ಲ ಈ ಎರಡು ಕೆಲಸಕ್ಕೆ ಸಹಾಯ ಅಷ್ಟೆ. ಹಾಗಾಗಿ ಈ ಬರಹದಲ್ಲೂ ಜಾಗ ಮತ್ತು ಎರೆಯ ಮಾತೇ ಜಾಸ್ತಿ.

ಮೊದಲು ಮೀನನ್ನು ತಿಳಿಯಿರಿ

ಅಮೆರಿಕದ ಹೊಳೆಗಳಲ್ಲಿ ಮುಖ್ಯವಾಗಿ ಮೂರು ದೊಡ್ಡ ಕ್ಯಾಟ್‌ಫಿಷ್‌ಗಳಿವೆ: ಚಾನೆಲ್, ಬ್ಲೂ, ಫ್ಲಾಟ್‌ಹೆಡ್. ಮೊದಲ ಎರಡಕ್ಕೂ ಬಾಲ ಆಳವಾಗಿ ಕವಲೊಡೆದಿರುತ್ತದೆ. ಫ್ಲಾಟ್‌ಹೆಡ್‌ನ ಬಾಲ ಹೆಚ್ಚುಕಡಿಮೆ ನೇರ, ನಡುವೆ ಸಣ್ಣ ತಗ್ಗು ಮಾತ್ರ. ತಲೆ ಅಗಲ, ಚಪ್ಪಟೆ. ಕೆಳದವಡೆ ಮೇಲಿನದಕ್ಕಿಂತ ಮುಂದಕ್ಕೆ ಚಾಚಿರುತ್ತದೆ. ಮೈಮೇಲೆ ಹಳದಿ, ಕಂದು ಬಣ್ಣದ ಮಚ್ಚೆಗಳು. ಇಷ್ಟು ನೋಡಿಕೊಂಡರೆ ಗುರುತು ತಪ್ಪುವುದಿಲ್ಲ. ಎಷ್ಟು ಮೀನು ಇಟ್ಟುಕೊಳ್ಳಬಹುದು ಎಂಬ ಕಾನೂನು ಒಂದೊಂದು ಜಾತಿಗೂ ಬೇರೆ ಇರಬಹುದು, ಹಾಗಾಗಿ ಗುರುತು ಹಿಡಿಯಲು ಬರಲೇಬೇಕು.

ಸ್ವಭಾವದಲ್ಲೂ ಇದು ಬೇರೆಯೇ. ಚಾನೆಲ್ ಕ್ಯಾಟ್‌ಫಿಷ್ ಸತ್ತದ್ದು, ಕೊಳೆತದ್ದು ಏನಿದ್ದರೂ ತಿನ್ನುತ್ತದೆ. ಅಂಗಡಿಯಲ್ಲಿ ಡಬ್ಬಿ ಡಬ್ಬಿ ಮಾರುವ ನಾರುವ ಎರೆ, ಕೋಳಿ ಲಿವರ್ ಎಲ್ಲ ಅದಕ್ಕೆ. ದೊಡ್ಡ ಫ್ಲಾಟ್‌ಹೆಡ್‌ಗೆ ಅವು ಬೇಡ. ಮರಿಯಾಗಿದ್ದಾಗ ಹುಳ, ಕ್ರೇಫಿಶ್ (ಸಿಗಡಿಯಂಥ ಸಿಹಿನೀರಿನ ಜೀವಿ) ತಿಂದು ಬೆಳೆಯುವ ಈ ಮೀನು ದೊಡ್ಡದಾದ ಮೇಲೆ ಬದುಕಿರುವ ಮೀನನ್ನೇ ಬೇಟೆಯಾಡುತ್ತದೆ. ಒಂಟಿಯಾಗಿ ಇರುತ್ತದೆ. ಹಗಲೆಲ್ಲ ಮರದ ಕೊರಡಿನ ಅಡಿಯಲ್ಲೋ ಕೊರೆದ ದಡದ ಗವಿಯಲ್ಲೋ ಅಲುಗಾಡದೆ ಮಲಗಿ, ಕತ್ತಲಾದ ಮೇಲೆ ಹೊರಬರುತ್ತದೆ.

ಯಾವ ತಿಂಗಳಲ್ಲಿ ಹೋಗಬೇಕು

ಕ್ಯಾಲೆಂಡರ್‌ಗಿಂತ ನೀರಿನ ಬಿಸಿ ನೋಡಿ. ನೀರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದಾಗ ಫ್ಲಾಟ್‌ಹೆಡ್ ಆಳದ ಮಡುವಿನ ತಳದಲ್ಲಿ ಬಿದ್ದಿರುತ್ತದೆ, ತಿನ್ನುವುದು ಇಲ್ಲವೆಂಬಷ್ಟು ಕಡಿಮೆ. ಆ ಕಾಲದಲ್ಲಿ ಅದರ ಗೋಜಿಗೆ ಹೋಗಬೇಡಿ. ಮಿನ್ನೆಸೋಟದಲ್ಲಂತೂ ಚಳಿಗಾಲದಲ್ಲಿ ಫ್ಲಾಟ್‌ಹೆಡ್ ಹಿಡಿಯುವುದಕ್ಕೇ ನಿಷೇಧವಿದೆ. ನೀರು 15 ಡಿಗ್ರಿ ದಾಟಿತೆಂದರೆ ಹಸಿವು ಶುರು. ಅಲ್ಲಿಂದ ಮೊಟ್ಟೆಯಿಡುವ ಕಾಲದವರೆಗಿನ ಕೆಲವು ವಾರಗಳು ದೊಡ್ಡ ಮೀನಿಗೆ ಬಹಳ ಒಳ್ಳೆಯದು. ದಕ್ಷಿಣದ ಟೆಕ್ಸಸ್‌ನಲ್ಲಿ ಇದು ಬೇಗ ಬರುತ್ತದೆ, ಉತ್ತರದಲ್ಲಿ ಮೇ ಆಗುತ್ತದೆ.

ನೀರು 22ರಿಂದ 27 ಡಿಗ್ರಿ ಬಂದಾಗ ಮೊಟ್ಟೆಯಿಡುತ್ತವೆ. ಗವಿಯಂಥ ಜಾಗದಲ್ಲಿ ಗಂಡು ಮೀನು ಮೊಟ್ಟೆಗೆ ಕಾವಲು ಕೂತು, ಬಾಲ ಆಡಿಸಿ ನೀರು ಹಾಯಿಸುತ್ತದೆ. ಆಗ ಕಚ್ಚುವುದು ತೀರಾ ಕಡಿಮೆ. ಗವಿಗೆ ಬರಿಗೈ ಹಾಕಿ ಮೀನು ಎಳೆಯುವ ನೂಡ್ಲಿಂಗ್ ನಡೆಯುವುದೂ ಇದೇ ಕಾಲದಲ್ಲಿ. ಟೆಕ್ಸಸ್ 2011ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಕೆಲವು ರಾಜ್ಯಗಳಲ್ಲಿ ಅದು ಅಪರಾಧ. ಕಾವಲಿಗೆ ಕೂತ ಮೀನನ್ನು ಎಳೆದರೆ ಮೊಟ್ಟೆ ಹಾಳಾಗುತ್ತವೆ, ನೀರಿನಡಿ ಕೈ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ನಾನಂತೂ ಅದನ್ನು ಯಾರಿಗೂ ಹೇಳುವುದಿಲ್ಲ.

ಮೊಟ್ಟೆಯ ಕೆಲಸ ಮುಗಿದ ಮೇಲೆ ಬೇಸಿಗೆಯ ರಾತ್ರಿಗಳು ಮತ್ತೆ ಚೆನ್ನಾಗಿರುತ್ತವೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಚಳಿಗಾಲಕ್ಕೆ ಮೈ ತುಂಬಿಸಿಕೊಳ್ಳಲು ಮತ್ತೊಮ್ಮೆ ಜೋರಾಗಿ ತಿನ್ನುತ್ತವೆ.

ಹಗಲಿನ ಕೆಲಸ: ಹೊಳೆ ಓದುವುದು

ಇಲ್ಲಿ ಅವಸರ ಮಾಡಬೇಡಿ. ಬೇಸಿಗೆಯ ಕೊನೆಯಲ್ಲಿ ನೀರು ಇಳಿದಾಗ ಒಂದು ದಿನ ಪೂರ್ತಿ ಗಾಳ ಹಾಕದೆ ಬರಿ ನೋಡುವುದಕ್ಕೇ ಹೋಗಿ. ದಡದಲ್ಲಿ ನಡೆಯಿರಿ, ಇಲ್ಲವೇ ಸಣ್ಣ ದೋಣಿಯಲ್ಲಿ ನಿಧಾನವಾಗಿ ಇಳಿಯಿರಿ. ನೀರು ತುಂಬಿದಾಗ ಕಾಣದ ಕೊರಡು, ಬಂಡೆ, ಗುಂಡಿ ಎಲ್ಲ ಆಗ ಬಯಲಾಗುತ್ತವೆ. ಫೋನಿನ ಮ್ಯಾಪಿನಲ್ಲಿ ಒಂದೊಂದನ್ನೂ ಗುರುತು ಹಾಕಿಕೊಳ್ಳಿ.

ಹೊಳೆ ತಿರುಗುವ ಕಡೆ ಮೊದಲು ನೋಡಿ. ತಿರುವಿನ ಹೊರಬದಿಗೆ ನೀರು ಜೋರಾಗಿ ಬಡಿದು ದಡ ಕೊರೆಯುತ್ತದೆ, ಮಡು ಆಗುತ್ತದೆ. ಒಳಬದಿಯಲ್ಲಿ ಮರಳು ಕೂತು ದಿಬ್ಬವಾಗುತ್ತದೆ. ಕೊರೆದ ದಡದ ಮೇಲಿದ್ದ ಮರ ಬೇರು ಸಮೇತ ಹೊಳೆಗೆ ಉರುಳುತ್ತದೆ. ಆ ಮರಕ್ಕೆ ಪ್ರವಾಹದಲ್ಲಿ ತೇಲಿ ಬಂದ ಇನ್ನಷ್ಟು ಕೊರಡು ಸಿಕ್ಕಿಕೊಂಡು ದೊಡ್ಡ ರಾಶಿ ಆಗುತ್ತದೆ. ದೊಡ್ಡ ಫ್ಲಾಟ್‌ಹೆಡ್‌ನ ಮನೆ ಇದೇ.

ಆದರೆ ಕೊರಡಿನ ರಾಶಿ ಇದ್ದ ಕಡೆಯೆಲ್ಲ ದೊಡ್ಡ ಮೀನು ಇರುವುದಿಲ್ಲ. ಮೂರು ವಿಷಯ ಒಟ್ಟಿಗೆ ಇರಬೇಕು. ರಾಶಿಯ ಪಕ್ಕದಲ್ಲೇ ಆಳ ಇರಬೇಕು. ಸಣ್ಣ ಹೊಳೆಯಲ್ಲಿ ಎರಡು ಎರಡೂವರೆ ಮೀಟರ್ ಸಾಕು, ದೊಡ್ಡ ನದಿಯಲ್ಲಿ ನಾಲ್ಕೈದು ಮೀಟರ್ ಬೇಕು. ಹರಿವು ರಾಶಿಯನ್ನು ಸವರಿಕೊಂಡು ಹೋಗಬೇಕು. ನೀರು ನಿಂತು ಹೂಳು ತುಂಬಿದ ರಾಶಿ ನೋಡಲು ಚಂದ, ಒಳಗೆ ಖಾಲಿ. ಮೂರನೆಯದು, ಹತ್ತಿರದಲ್ಲೇ ತೆಳು ನೀರಿನ ಬಯಲು ಇರಬೇಕು: ಮರಳ ದಿಬ್ಬದ ಅಂಚು, ಮಡುವಿನ ಮೇಲ್ಭಾಗದ ಜಲ್ಲಿ, ಉಪನದಿ ಬಂದು ಸೇರುವ ಬಾಯಿ. ಸಣ್ಣ ಮೀನು ರಾತ್ರಿ ಅಲ್ಲಿ ಸೇರುತ್ತವೆ, ಫ್ಲಾಟ್‌ಹೆಡ್ ಅಲ್ಲಿಗೆ ಬೇಟೆಗೆ ಬರುತ್ತದೆ. ಅಷ್ಟು ದೊಡ್ಡ ಮೀನು ಮಂಡಿಯುದ್ದ ನೀರಿಗೆ ಬರುತ್ತದೆಯೇ ಎಂದರೆ, ಬರುತ್ತದೆ. ಎಷ್ಟೋ ಜನ ರಾತ್ರಿಯೆಲ್ಲ ಆಳಕ್ಕೇ ಗಾಳ ಎಸೆದು ಬರಿಗೈಲಿ ಮನೆಗೆ ಹೋಗುವುದು ಇದು ಗೊತ್ತಿಲ್ಲದೆ.

ಮಿಸೌರಿ, ಮಿಸಿಸಿಪ್ಪಿಯಂಥ ದೊಡ್ಡ ನದಿಗಳಲ್ಲಿ ಇನ್ನೊಂದು ಗುರುತು ಇದೆ. ಸರಕು ದೋಣಿಗಳ ದಾರಿ ಆಳವಾಗಿರಲಿ ಎಂದು ದಡದಿಂದ ನದಿಯೊಳಗೆ ಕಲ್ಲಿನ ಅಡ್ಡಗೋಡೆಗಳನ್ನು ಕಟ್ಟಿದ್ದಾರೆ. ಗೋಡೆಯ ತುದಿಯ ಹಿಂದೆ ನೀರು ಸುಳಿದು ತಳ ಕೊರೆದು ದೊಡ್ಡ ಗುಂಡಿ ಮಾಡಿರುತ್ತದೆ. ಆ ಗುಂಡಿಯಲ್ಲಿ ಮರವೂ ಬಿದ್ದಿದ್ದರೆ ಆ ಜಾಗ ಬಿಡಬೇಡಿ. ಸೇತುವೆಯ ಕಂಬಗಳ ಬುಡವನ್ನೂ ನೋಡಿಡಿ.

ಹೊರಡುವ ಮುಂಚೆ ಅಮೆರಿಕದ ಭೂವಿಜ್ಞಾನ ಸರ್ವೆ ಇಲಾಖೆಯ ಅಳತೆ ಕೇಂದ್ರಗಳ ಲೆಕ್ಕ ಆನ್‌ಲೈನಲ್ಲಿ ನೋಡಿ. ನೀರಿನ ಮಟ್ಟ ಎಷ್ಟಿದೆ, ಏರುತ್ತಿದೆಯೋ ಇಳಿಯುತ್ತಿದೆಯೋ ಗಂಟೆ ಗಂಟೆಗೆ ಗೊತ್ತಾಗುತ್ತದೆ. ಸ್ವಲ್ಪ ಏರುತ್ತಿದ್ದರೆ ಸಂತೋಷಪಡಿ. ಸರ್ರನೆ ಏರುತ್ತಿದ್ದು ಕೊರಡು ತೇಲಿ ಬರುತ್ತಿದ್ದರೆ ಹೋಗಲೇಬೇಡಿ.

ಎರೆ: ಬದುಕಿರಬೇಕು, ಗಟ್ಟಿಯಾಗಿರಬೇಕು

ಅಂಗೈ ಅಗಲದ ಬ್ಲೂಗಿಲ್, ಗ್ರೀನ್ ಸನ್‌ಫಿಶ್ (ಎರಡೂ ಸನ್‌ಫಿಶ್ ಜಾತಿಯ ಸಣ್ಣ ಮೀನು), ಗೇಣುದ್ದದ ಬುಲ್‌ಹೆಡ್. ದೊಡ್ಡ ಮೀನಿಗೆ ಈ ಮೂರು ಸಾಕು. ಬುಲ್‌ಹೆಡ್ ಅಂದರೆ ಸಣ್ಣ ಜಾತಿಯ ಕ್ಯಾಟ್‌ಫಿಷ್, ನಮ್ಮ ಮುಗುಡಿನ ಹಾಗೆ ಬಲು ಗಟ್ಟಿ ಜೀವ. ಗಾಳದ ಮೇಲೆ ರಾತ್ರಿಯೆಲ್ಲ ಒದ್ದಾಡುತ್ತಲೇ ಇರುತ್ತದೆ. ಒಂದನ್ನೇ ಆರಿಸಿ ಅಂದರೆ ನಾನು ಅದನ್ನೇ ಆರಿಸುತ್ತೇನೆ.

ಎರೆಯನ್ನು ನೀವೇ ಹಿಡಿಯಿರಿ. ಸಣ್ಣ ಗಾಳಕ್ಕೆ ಎರೆಹುಳುವಿನ ತುಂಡು ಚುಚ್ಚಿ, ಬೆಂಡು ಕಟ್ಟಿ ಕೆರೆಯ ಅಂಚಿಗೆ ಹಾಕಿದರೆ ಬ್ಲೂಗಿಲ್ ಬೇಗ ಸಿಗುತ್ತವೆ. ಬುಲ್‌ಹೆಡ್ ಸಂಜೆ ಹೊತ್ತು, ಕೆಸರು ತಳದಲ್ಲಿ. ದೊಡ್ಡ ಕೂಲರಿನಲ್ಲಿ ಬ್ಯಾಟರಿ ಗಾಳಿಪಂಪ್ ಹಾಕಿ ಇಟ್ಟುಕೊಳ್ಳಿ. ಮನೆಯ ನಲ್ಲಿ ನೀರು ನೇರವಾಗಿ ತುಂಬಬೇಡಿ, ಅದರ ಕ್ಲೋರಿನ್ ಮೀನನ್ನು ಕೊಲ್ಲುತ್ತದೆ. ಹಿಡಿದ ಜಾಗದ ನೀರೇ ಇರಲಿ, ತಣ್ಣಗಿರಲಿ, ಕಿಕ್ಕಿರಿಸಬೇಡಿ.

ಇಲ್ಲಿ ಕಾನೂನು ಬಿಗಿ. ಕೆಲವು ರಾಜ್ಯಗಳಲ್ಲಿ ಸನ್‌ಫಿಶ್ ಜಾತಿಯನ್ನು ಎರೆಯಾಗಿ ಬಳಸುವಂತಿಲ್ಲ. ಕೆಲವು ಕಡೆ ಗೋಲ್ಡ್‌ಫಿಶ್ ನಿಷೇಧ. ಒಂದು ನೀರಿನಲ್ಲಿ ಹಿಡಿದ ಮೀನನ್ನು ಇನ್ನೊಂದು ನೀರಿಗೆ ಒಯ್ಯುವುದಕ್ಕೂ ತಡೆ ಇರಬಹುದು. ಮಿನ್ನೆಸೋಟದ ಒಳನಾಡಿನ ಬಹುಪಾಲು ನೀರಿನಲ್ಲಿ ಬೇಸಿಗೆಯಲ್ಲಿ ಒಬ್ಬರಿಗೆ ಒಂದೇ ಗಾಳ. ಲೈಸೆನ್ಸ್ ತೆಗೆದುಕೊಳ್ಳುವಾಗಲೇ ಆ ವರ್ಷದ ನಿಯಮ ಪುಸ್ತಕ ಓದಿಬಿಡಿ. ಉಳಿದ ಎರೆಯನ್ನು ಎಂದೂ ಹೊಳೆಗೆ ಸುರಿಯಬೇಡಿ.

ಜೀವಂತ ಎರೆ ಸಿಗದಿದ್ದರೆ ಆಗ ತಾನೇ ಕೊಯ್ದ ಮೀನಿನ ತುಂಡು ಹಾಕಬಹುದು. ಮೊಟ್ಟೆಗೆ ಮುಂಚಿನ ವಾರಗಳಲ್ಲಿ ಅದಕ್ಕೂ ದೊಡ್ಡ ಮೀನು ಕಚ್ಚುವುದುಂಟು. ಫ್ರಿಜ್ಜಿನಲ್ಲಿಟ್ಟು ಹಳಸಿದ್ದು ಬೇಡ.

ಸಾಮಾನು

ಏಳೂವರೆ ಎಂಟು ಅಡಿಯ ಗಟ್ಟಿ ರಾಡ್. ಮೀನು ದಾರ ಎಳೆದಾಗ ಸದ್ದು ಮಾಡುವ ಕ್ಲಿಕ್ಕರ್ ಇರುವ ಬೇಟ್‌ಕಾಸ್ಟಿಂಗ್ ರೀಲ್. 65ರಿಂದ 80 ಪೌಂಡ್ ಎಳೆತ ತಾಳುವ ಬ್ರೇಡ್ (ಹೆಣೆದ) ದಾರ. ಬ್ರಾಂಡ್ ಯಾವುದಾದರೂ ನಡೆಯುತ್ತದೆ. ದಾರದಲ್ಲಿ ಮಾತ್ರ ಕಂಜೂಸುತನ ಬೇಡ. ಕೊರಡಿನ ನಡುವಿಂದ ಮೀನು ಎಳೆಯುವಾಗ ಸಣ್ಣ ದಾರ ಕಿತ್ತುಹೋಗಿ, ಬಾಯಲ್ಲಿ ಕೊಕ್ಕೆ ಇಟ್ಟುಕೊಂಡು ಆ ಮೀನು ನರಳಬೇಕಾಗುತ್ತದೆ.

ಕಟ್ಟುವ ಕ್ರಮ ಹೀಗೆ:

1. ಮುಖ್ಯ ದಾರಕ್ಕೆ ಜಾರುವ ಸೀಸದ ಗುಂಡು ಪೋಣಿಸಿ. ಹರಿವು ನೋಡಿ 90ರಿಂದ 220 ಗ್ರಾಂ. ಎರೆ ಒಂದೇ ಕಡೆ ನಿಲ್ಲುವಷ್ಟು ಭಾರ ಇದ್ದರೆ ಸಾಕು.
2. ಅದರ ಹಿಂದೆ ಒಂದು ಮಣಿ, ಆಮೇಲೆ ಗಟ್ಟಿ ಸ್ವಿವೆಲ್ (ದಾರ ಮುರುಟದಂತೆ ತಿರುಗುವ ಲೋಹದ ಕೊಂಡಿ) ಕಟ್ಟಿ. ಮಣಿ ಇಲ್ಲದಿದ್ದರೆ ಸೀಸ ಗಂಟಿಗೆ ಬಡಿದು ಬಡಿದು ದಾರ ಸವೆಯುತ್ತದೆ.
3. ಸ್ವಿವೆಲ್‌ನ ಇನ್ನೊಂದು ತುದಿಗೆ 60 ಪೌಂಡಿನ ದಪ್ಪ ನೈಲಾನ್ ದಾರ, ಉದ್ದ 20ರಿಂದ 30 ಸೆಂಟಿಮೀಟರ್ ಮಾತ್ರ. ಇದು ಉದ್ದವಾದರೆ ಎರೆಮೀನು ಓಡಾಡಿ ಕೊರಡಿಗೆ ಸುತ್ತಿಕೊಳ್ಳುತ್ತದೆ.
4. ತುದಿಗೆ 8/0ರಿಂದ 10/0 ಸೈಜಿನ ಸರ್ಕಲ್ ಹುಕ್ (ಮೊನೆ ಒಳಕ್ಕೆ ಬಾಗಿದ ದುಂಡು ಕೊಕ್ಕೆ).

ಕೊಕ್ಕೆಯನ್ನು ಎರೆಮೀನಿನ ಬೆನ್ನಿನ ರೆಕ್ಕೆಯ ಹಿಂದೆ, ಬೆನ್ನುಮೂಳೆಗಿಂತ ಮೇಲೆ ಚುಚ್ಚಿ. ಹರಿವು ಜೋರಿದ್ದರೆ ಮೂಗಿನ ತೂತುಗಳ ಮೂಲಕ ಚುಚ್ಚಿ, ಆಗ ಅದು ಹರಿವಿಗೆ ಮುಖ ಮಾಡಿ ನಿಂತು ಹೆಚ್ಚು ಹೊತ್ತು ಬದುಕುತ್ತದೆ. ಎರಡರಲ್ಲೂ ಕೊಕ್ಕೆಯ ಮೊನೆ ಪೂರ್ತಿ ಹೊರಗಿರಬೇಕು. ಮೊನೆ ಎರೆಯ ಮಾಂಸದಲ್ಲಿ ಮುಚ್ಚಿಹೋಗಿದ್ದರೆ ಸರ್ಕಲ್ ಹುಕ್ ಹಿಡಿಯುವುದೇ ಇಲ್ಲ.

ಸಂಜೆ: ಜಾಗ ಹಿಡಿದು ಕೂರುವುದು

ಸೂರ್ಯ ಮುಳುಗಲು ಒಂದು ಗಂಟೆ ಇರುವಾಗಲೇ ಅಲ್ಲಿರಬೇಕು. ಕತ್ತಲಲ್ಲಿ ಹೋಗಿ ಗದ್ದಲ ಮಾಡಿದರೆ ಆ ರಾತ್ರಿ ಕೆಟ್ಟಿತು. ದೋಣಿಯಾದರೆ ಕೊರಡಿನ ರಾಶಿಗಿಂತ 10ರಿಂದ 15 ಮೀಟರ್ ಮೇಲೆ, ಹರಿವು ಬರುವ ಕಡೆ, ಲಂಗರು ಇಳಿಸಿ ಗಾಳವನ್ನು ಕೆಳಕ್ಕೆ ಎಸೆಯಿರಿ. ಲಂಗರನ್ನು ಯಾವಾಗಲೂ ದೋಣಿಯ ಮೂತಿಗೇ ಕಟ್ಟಿ. ಹಿಂಭಾಗಕ್ಕೆ ಕಟ್ಟಿದರೆ ಹರಿವು ದೋಣಿಯೊಳಗೆ ನುಗ್ಗಿ ಮುಳುಗಿಸುತ್ತದೆ. ಲೈಫ್ ಜಾಕೆಟ್ ಸೀಟಿನ ಕೆಳಗೆ ಅಲ್ಲ, ಮೈಮೇಲೆ ಇರಲಿ. ತಲೆಗೆ ಕಟ್ಟುವ ಟಾರ್ಚ್ ಎರಡು ಇರಲಿ. ಹೊಳೆಗೆ ಅಡ್ಡವಾಗಿ ಕಟ್ಟಿದ ಗಿಡ್ಡ ಅಣೆಕಟ್ಟಿನ ಹತ್ತಿರ ಸುಳಿಯಬೇಡಿ. ಅದರ ಕೆಳಗೆ ನೀರು ಹಿಂದಕ್ಕೇ ಮಗುಚುತ್ತಿರುತ್ತದೆ, ಈಜು ಬಂದವರನ್ನೂ ಮೇಲೇಳಲು ಬಿಡುವುದಿಲ್ಲ. ಒಬ್ಬರೇ ಹೋಗಬೇಡಿ, ಎಲ್ಲಿರುತ್ತೀರಿ ಎಂದು ಮನೆಯಲ್ಲಿ ಹೇಳಿ ಹೋಗಿ.

ಒಂದಕ್ಕಿಂತ ಹೆಚ್ಚು ಗಾಳ ಹಾಕಲು ಕಾನೂನು ಒಪ್ಪಿದರೆ ಎಲ್ಲವನ್ನೂ ಒಂದೇ ಕಡೆ ಹಾಕಬೇಡಿ. ಒಂದು ಕೊರಡಿನ ರಾಶಿಯ ಅಂಚಿಗೆ, ಒಳಗಲ್ಲ, ಒಂದೆರಡು ಮೀಟರ್ ಈಚೆಗೆ. ಇನ್ನೊಂದು ಮಡುವಿನ ಮೇಲ್ಭಾಗದ ತೆಳು ನೀರಿಗೆ. ಒಂದೇ ಗಾಳ ಇದ್ದರೆ ಬೆಳಕಿರುವವರೆಗೆ ಅಂಚಿಗೆ ಹಾಕಿ, ಪೂರ್ತಿ ಕತ್ತಲಾದ ಮೇಲೆ ತೆಳು ನೀರಿಗೆ ಬದಲಿಸಿ. ದಡದಲ್ಲಿ ಕೂತರೆ ರಾಡ್ ನಿಲ್ಲಿಸುವ ಕಬ್ಬಿಣದ ಕಂಬವನ್ನು ಮೊಣಕೈ ಆಳಕ್ಕೆ ಹೊಡೆಯಿರಿ. ಕವಲು ಕಡ್ಡಿಗೆ ಒರಗಿಸಿಟ್ಟ ರಾಡನ್ನು ಈ ಮೀನು ಹೊಳೆಗೇ ಎಳೆದುಕೊಂಡು ಹೋಗುತ್ತದೆ.

ಆಮೇಲೆ ಸುಮ್ಮನೆ ಕಾಯಿರಿ. ಮೊದಲ ಎರಡು ಮೂರು ತಾಸು ಮತ್ತು ಬೆಳಗಿನ ಜಾವ ಹೆಚ್ಚು ಆಸೆ ಇಡಬಹುದಾದ ಹೊತ್ತು. ಗಂಟೆಗೊಮ್ಮೆ ಎರೆ ಬದುಕಿದೆಯೇ ನೋಡಿ, ಸೊರಗಿದ್ದರೆ ಬದಲಿಸಿ. ಜಾಗ ಒಳ್ಳೆಯದೆಂದು ಹಗಲಲ್ಲೇ ನಿರ್ಧರಿಸಿದ್ದೀರಿ, ಅಲ್ವಾ? ಹಾಗಿದ್ದ ಮೇಲೆ ಅರ್ಧ ರಾತ್ರಿಯಲ್ಲಿ ಎದ್ದು ಬೇರೆ ಕಡೆ ಓಡುವುದು ಬೇಡ.

ಕಚ್ಚಿದಾಗ

ಮೊದಲು ಎರೆಮೀನು ಗಾಬರಿಯಾಗುತ್ತದೆ. ರಾಡಿನ ತುದಿ ಪಟಪಟ ಅಲುಗುತ್ತದೆ. ಇದು ದೊಡ್ಡ ಮೀನು ಹತ್ತಿರ ಬಂದ ಸುಳಿವು. ರಾಡ್ ಮುಟ್ಟಬೇಡಿ. ಆಮೇಲೆ ಒಂದು ಭಾರದ ಕುಕ್ಕು, ನಂತರ ರಾಡ್ ಬಾಗುತ್ತಲೇ ಹೋಗುತ್ತದೆ. ಸರ್ಕಲ್ ಹುಕ್ ಆದ್ದರಿಂದ ಜೋರಾಗಿ ಎಳೆದು ಹೊಡೆಯಬಾರದು. ಹೊಡೆದರೆ ಕೊಕ್ಕೆ ಬಾಯಿಂದ ಜಾರಿ ಬರುತ್ತದೆ. ರಾಡ್ ಪೂರ್ತಿ ಬಾಗುವವರೆಗೆ ಬಿಟ್ಟು, ಎತ್ತಿಕೊಂಡು ರೀಲ್ ಸುತ್ತಲು ಶುರು ಮಾಡಿ. ಕೊಕ್ಕೆ ತಾನೇ ತಿರುಗಿ ಬಾಯಿಯ ಮೂಲೆಗೆ ಕೂರುತ್ತದೆ.

ಮೊದಲ ಹತ್ತು ಸೆಕೆಂಡ್ ಎಲ್ಲವನ್ನೂ ತೀರ್ಮಾನಿಸುತ್ತದೆ. ಮೀನು ನೇರವಾಗಿ ಕೊರಡಿನೊಳಗೆ ನುಗ್ಗಲು ನೋಡುತ್ತದೆ. ಹಾಗಾಗಿ ಅಂಚಿನ ಗಾಳಕ್ಕೆ ಡ್ರ್ಯಾಗ್ (ಮೀನು ಎಳೆದಾಗ ದಾರ ಬಿಚ್ಚಿಕೊಳ್ಳುವುದನ್ನು ತಡೆಯುವ ರೀಲಿನ ಬಿಗಿತ) ಮೊದಲೇ ಬಿಗಿ ಮಾಡಿರಬೇಕು, ದಾರ ಬಿಟ್ಟುಕೊಡಬಾರದು. ತಲೆ ನಿಮ್ಮ ಕಡೆ ತಿರುಗಿ ತೆರೆದ ನೀರಿಗೆ ಬಂದ ಮೇಲೆ ಡ್ರ್ಯಾಗ್ ಸ್ವಲ್ಪ ಸಡಿಲಿಸಿ ನಿಧಾನವಾಗಿ ಆಡಿಸಿ. ಅಷ್ಟಾದರೂ ಒಳಗೆ ಸೇರಿಕೊಂಡರೆ ಎಳೆದಾಡಬೇಡಿ. ದಾರ ಸಡಿಲ ಬಿಟ್ಟು ಕೆಲವು ನಿಮಿಷ ಕಾಯಿರಿ. ಬಿಗಿತ ಹೋದರೆ ಮೀನು ಹೋದ ದಾರಿಯಲ್ಲೇ ಹೊರಬರುವುದುಂಟು.

ಕೈಗೆ ಬಂದ ಮೀನು

ದೊಡ್ಡ ರಬ್ಬರ್ ಬಲೆ ಬಳಸಿ. ಬಾಯಲ್ಲಿ ಉಪ್ಪುಕಾಗದದಂಥ ಒರಟು ಹಲ್ಲಿನ ಪಟ್ಟಿಗಳಿವೆ, ಕೈಗವಸು ಹಾಕಿ ಕೆಳದವಡೆ ಹಿಡಿಯಿರಿ. ಕಿವಿರಿನ ಹಿಂದಿನ ರೆಕ್ಕೆಗಳ ಮತ್ತು ಬೆನ್ನಿನ ರೆಕ್ಕೆಯ ಮುಳ್ಳು ಚುಚ್ಚಿದರೆ ಗಾಯ ಆಳವಾಗುತ್ತದೆ, ಅದರ ಕಡೆ ಗಮನ ಇರಲಿ. ಫೋಟೋಗೆ ದವಡೆಯಿಂದ ನೇತುಹಾಕಬೇಡಿ. ಅಷ್ಟು ಭಾರ ಒಂದೇ ಮೂಳೆಯ ಮೇಲೆ ಬಿದ್ದು ಒಳಗೆ ಪೆಟ್ಟಾಗುತ್ತದೆ. ಇನ್ನೊಂದು ಕೈ ಹೊಟ್ಟೆಯ ಅಡಿ ಕೊಟ್ಟು ಅಡ್ಡಲಾಗಿ ಹಿಡಿಯಿರಿ. ಕೊಕ್ಕೆ ಗಂಟಲಾಳಕ್ಕೆ ಹೋಗಿದ್ದರೆ ಕೀಳಬೇಡಿ, ದಾರ ಕತ್ತರಿಸಿ ಬಿಡಿ.

ಈ ಮೀನಿನ ತವರು ನದಿಗಳಾದ ಮಿಸಿಸಿಪ್ಪಿ, ಮಿಸೌರಿ, ಓಹಾಯೋ ಕಣಿವೆಗಳಲ್ಲಿ ದೊಡ್ಡದನ್ನು ವಾಪಸ್ ಬಿಡಿ ಎಂದು ಕೈಮುಗಿದು ಕೇಳುತ್ತೇನೆ. 20 ವರ್ಷ ದಾಟಿ ಬದುಕುವ ಮೀನು ಇದು. 20 ಕೆಜಿಯದನ್ನು ಕೊಂದರೆ ಆ ಜಾಗಕ್ಕೆ ಅಂಥ ಇನ್ನೊಂದು ಬೆಳೆಯಲು ಎಷ್ಟು ವರ್ಷ ಬೇಕು ನೋಡಿ. ನೀರಿನಲ್ಲಿ ಹರಿವಿಗೆ ಮುಖ ಮಾಡಿ ಹಿಡಿದುಕೊಂಡು, ತಾನೇ ಬಾಲ ಒದ್ದಾಗ ಬಿಡಿ.

ಅಟ್ಲಾಂಟಿಕ್ ಕಡೆಯ ನದಿಗಳಲ್ಲಿ ಮಾತ್ರ ಮಾತು ಉಲ್ಟಾ. ಅಲ್ಲಿ ಇದು ಹೊರಗಿನಿಂದ ತಂದು ಬಿಟ್ಟ ಮೀನು. ಉತ್ತರ ಕ್ಯಾರೊಲಿನಾದ ಕೇಪ್ ಫಿಯರ್ ನದಿಗೆ 1966ರಲ್ಲಿ ಬಿಟ್ಟದ್ದು ಬರಿ 11 ಮೀನು. ಅವು ಇಡೀ ನದಿಗೆ ಹಬ್ಬಿದವು. ಜಾರ್ಜಿಯಾದ ಸಟಿಲ್ಲಾ ನದಿಯಲ್ಲಿ ಅಲ್ಲಿನ ಸನ್‌ಫಿಶ್‌ಗಳನ್ನು ಉಳಿಸಲು ಸರ್ಕಾರಿ ಇಲಾಖೆಯೇ ನೀರಿಗೆ ವಿದ್ಯುತ್ ಹಾಯಿಸಿ ಫ್ಲಾಟ್‌ಹೆಡ್‌ಗಳನ್ನು ಹಿಡಿದು ತೆಗೆಯುತ್ತದೆ. ಪೆನ್ಸಿಲ್ವೇನಿಯಾದ ಸಸ್ಕ್ವೆಹಾನಾದಲ್ಲೂ ಇದು ಹೊರಗಿನದೇ. ನಮ್ಮ ಕೆರೆಗಳಿಗೆ ಆಫ್ರಿಕನ್ ಕ್ಯಾಟ್‌ಫಿಷ್ ಸೇರಿ ಆದ ಹಾನಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಥ ನದಿಗಳಲ್ಲಿ ಆ ರಾಜ್ಯದ ನಿಯಮ ನೋಡಿಕೊಂಡು ಸಿಕ್ಕ ಫ್ಲಾಟ್‌ಹೆಡ್ ಇಟ್ಟುಕೊಳ್ಳಿ.

ಅಡುಗೆಗೆ

ತಿನ್ನಲು ಎರಡರಿಂದ ನಾಲ್ಕು ಕೆಜಿಯದು ಸರಿ. ಮುದಿ ಮೀನಿನ ಮೈಯಲ್ಲಿ ಪಾದರಸದಂಥ ವಿಷ ಹೆಚ್ಚು ಸೇರಿರುತ್ತದೆ. ಯಾವ ನದಿಯ ಮೀನನ್ನು ತಿಂಗಳಿಗೆ ಎಷ್ಟು ಸಲ ತಿನ್ನಬಹುದು ಎಂದು ಪ್ರತಿ ರಾಜ್ಯವೂ ಪಟ್ಟಿ ಹೊರಡಿಸುತ್ತದೆ. ಬಸುರಿಯರು, ಮಕ್ಕಳು ಇರುವ ಮನೆಯಲ್ಲಿ ಅದನ್ನು ನೋಡದೆ ಒಲೆ ಹಚ್ಚಬೇಡಿ.

ಪೊರೆ ಇಲ್ಲದ ಮೀನು, ಚರ್ಮ ಸುಲಿಯಬೇಕು. ತಲೆಯ ಹಿಂದೆ ಸುತ್ತ ಗೀರಿ, ಇಕ್ಕಳದಿಂದ ಬಾಲದ ಕಡೆಗೆ ಎಳೆದರೆ ಬರುತ್ತದೆ. ಹೊಟ್ಟೆಯ ಹಳದಿ ಕೊಬ್ಬು, ಪಕ್ಕೆಯ ಉದ್ದಕ್ಕೂ ಇರುವ ಕೆಂಪು ಮಾಂಸ ಪೂರ್ತಿ ತೆಗೆದುಬಿಡಿ. ಕೆಸರು ವಾಸನೆ ಬಹುಪಾಲು ಅಲ್ಲಿಯೇ ಇರುತ್ತದೆ, ಕೊಬ್ಬಿನಲ್ಲಿ ಸೇರುವ ಬೇರೆ ವಿಷಗಳ ಒಂದು ಪಾಲೂ ಅದರ ಜೊತೆ ಹೋಗುತ್ತದೆ. ಪಾದರಸ ಮಾತ್ರ ಮಾಂಸದಲ್ಲೇ ಉಳಿಯುತ್ತದೆ. ಉಳಿಯುವ ಬಿಳಿ ಮಾಂಸ ಗಟ್ಟಿ, ಬೇಯಿಸಿದರೆ ಪುಡಿಯಾಗುವುದಿಲ್ಲ. ಎರಡು ಬೆರಳು ದಪ್ಪದ ತುಂಡು ಮಾಡಿ, ಉಪ್ಪು ಅರಿಶಿನ ಹಚ್ಚಿ ಅರ್ಧ ಗಂಟೆ ಬಿಡಿ. ಹುಣಸೆಹುಳಿ ಹಾಕಿದ ಸಾರು ಚೆನ್ನಾಗಿ ಕುದಿ ಬಂದ ಮೇಲೆ ತುಂಡು ಇಳಿಸಿ, ಉರಿ ಸಣ್ಣ ಮಾಡಿ. ಹತ್ತು ಹನ್ನೆರಡು ನಿಮಿಷ ಬಿಟ್ಟು ಒಂದು ತುಂಡು ಮುರಿದು ನೋಡಿ, ನಡುವೆ ಬೆಳ್ಳಗಾಗಿ ಎಸಳೆಸಳಾಗಿ ಬಿಟ್ಟುಕೊಂಡಿದ್ದರೆ ಒಲೆ ಆರಿಸಿ.